ಮುಚ್ಚಿದ ಬಾಗಿಲಿನ ಸಿನಿಮಾಗಳನ್ನು ನಾನೇಕೆ ನೋಡುತ್ತೇನೆ

ಕೊಪ್ಪದ ಕಡೆಯ ನಮ್ಮ ಮನೆಗೆ ಬಂದವರು ಜಗಲಿಯಲ್ಲಿ ಕುಳಿತು, ಎದುರಿನ ಅಡಿಕೆ ತೋಟವನ್ನೂ ಅದರಾಚೆಯ ಗುಡ್ಡವನ್ನೂ ನೋಡುತ್ತ, ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಕೇಳುತ್ತಾರೆ: ಇಷ್ಟು ಗಾಳಿ ಬೆಳಕಿರುವ ಜಾಗದಲ್ಲಿದ್ದುಕೊಂಡು, ಅದೂ ಕೊರೊನಾ ಕಾಲವನ್ನು ಕಂಡ ಮೇಲೂ, ಸೋಂಕು ತಗುಲಿದವರನ್ನು ಒಂದು ಕಟ್ಟಡದಲ್ಲೋ ಆಕಾಶನೌಕೆಯಲ್ಲೋ ಕೂಡಿಹಾಕುವ ಆ ಭಯಂಕರ ಸಿನಿಮಾಗಳನ್ನು ಮತ್ತೆ ಮತ್ತೆ ಏಕೆ ನೋಡುತ್ತೀರಿ? ‘ನನಗೆ ಇಷ್ಟ’ ಎಂದಷ್ಟೇ ಹೇಳಿ ಇಷ್ಟು ವರ್ಷ ಮಾತು ಮುಗಿಸುತ್ತಿದ್ದೆ. ಅದು ಪೂರ್ತಿ ಉತ್ತರವಾಗಿರಲಿಲ್ಲ.

ನಮ್ಮ ಮನೆಯ ಗಾಳಿ ಬೆಳಕು ವರ್ಷವಿಡೀ ಇರುವಂಥದ್ದಲ್ಲ ಎಂಬುದನ್ನು ಮೊದಲು ಹೇಳಬೇಕು. ಜೂನ್ ತಿಂಗಳಲ್ಲಿ ಮಳೆ ಹಿಡಿದು, ಹಳ್ಳ ಉಕ್ಕಿ ಕಾಲುಸಂಕದ ಮೇಲೆ ಹರಿಯತೊಡಗಿದರೆ ಪಕ್ಕದ ಮನೆಗೂ ಹೋಗಲಾಗುವುದಿಲ್ಲ. ಮರ ಬಿದ್ದು ಕರೆಂಟು ಹೋದರೆ ನಾಲ್ಕೈದು ದಿನ ಬರುವುದಿಲ್ಲ. ಅಂಥ ರಾತ್ರಿಗಳಲ್ಲಿ ಯಾರಾದರೂ ಬಂದು ಬಾಗಿಲು ಬಡಿದಾಗ, ಒಂಟಿಮನೆಯಲ್ಲಿರುವವರು ಒಬ್ಬರ ಮುಖವನ್ನೊಬ್ಬರು ನೋಡುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಯಾರಿರಬಹುದು? ತೆಗೆಯಬೇಕೇ? ನಾನು ಮೆಚ್ಚುವ ಸಿನಿಮಾಗಳೆಲ್ಲ ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿವೆ.

ರಿಡ್ಲಿ ಸ್ಕಾಟ್ 1979ರಲ್ಲಿ ನಿರ್ದೇಶಿಸಿದ ‘ಏಲಿಯನ್’ ಎಂದರೆ ಹೆಚ್ಚಿನವರಿಗೆ ಎದೆ ಸೀಳಿಕೊಂಡು ಹೊರಬರುವ ಜೀವಿಯೇ ನೆನಪಾಗುತ್ತದೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮೊದಲಿನ ದೃಶ್ಯದಲ್ಲಿ. ಏಳು ಜನರಿರುವ ಸರಕುನೌಕೆಯಿಂದ ಇಳಿದು ಹೋದ ಮೂವರು, ತಮ್ಮಲ್ಲೊಬ್ಬನ ಮುಖಕ್ಕೆ ಯಾವುದೋ ಜೀವಿ ಕಚ್ಚಿಕೊಂಡಿರುವ ಸ್ಥಿತಿಯಲ್ಲಿ ಅವನನ್ನು ಹೊತ್ತು ಬಾಗಿಲಿಗೆ ಬರುತ್ತಾರೆ. ಒಳಗಿರುವ ರಿಪ್ಲಿ, 24 ಗಂಟೆ ಅವರನ್ನು ಪ್ರತ್ಯೇಕವಾಗಿಡಬೇಕೆಂಬ ನಿಯಮವಿದೆಯೆಂದು ಹೇಳಿ ಬಾಗಿಲು ತೆರೆಯಲು ಒಪ್ಪುವುದಿಲ್ಲ. ನೌಕೆಯ ನಾಯಕನೇ ಆಜ್ಞಾಪಿಸಿದರೂ ಅವಳು ಕದಲುವುದಿಲ್ಲ. ಆಗ ವಿಜ್ಞಾನಾಧಿಕಾರಿ ಆಶ್ ತಾನೇ ಬಾಗಿಲು ತೆರೆದುಬಿಡುತ್ತಾನೆ. ಮೊದಲ ಸಲ ನೋಡುವಾಗ ನಾನು ಆಶ್‌ನ ಕಡೆಗೇ ಇದ್ದೆ. ಸಾಯುತ್ತಿರುವವನಿಗೆ ಬಾಗಿಲು ತೆರೆದವನಲ್ಲಿ ಕರುಣೆಯಿದೆ ಎಂದುಕೊಂಡಿದ್ದೆ. ಅವನು ಮನುಷ್ಯನೇ ಅಲ್ಲ, ಆ ಜೀವಿಯನ್ನು ಹೇಗಾದರೂ ತರಬೇಕೆಂದು ಕಂಪನಿ ಕಳಿಸಿದ ಯಂತ್ರ ಎಂಬುದು ಬಹಳ ತಡವಾಗಿ ತಿಳಿಯುತ್ತದೆ.

ಈ ಸಿನಿಮಾಗಳ ಬಗ್ಗೆ ಯೋಚಿಸುವಾಗಲೆಲ್ಲ ಕಡೂರಿನ ಕಡೆಯ ಬಯಲುಸೀಮೆಯಿಂದ ಬಂದ ನನ್ನ ಅಜ್ಜಿ ನೆನಪಾಗುತ್ತಾರೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೂ ಬಂದಿತ್ತು, ಅನಂತರ ಹಲವು ದಶಕಗಳ ಕಾಲ ಹೋಗುತ್ತ ಬರುತ್ತ ಇತ್ತು. ‘ಇಲಿ ಬಿತ್ತು’ ಎಂದು ಯಾರಾದರೂ ಅಂದರೆ ಸಾಕಿತ್ತಂತೆ. ಅಟ್ಟದಿಂದ ಸತ್ತ ಇಲಿ ಬಿದ್ದ ಮನೆಯವರಷ್ಟೇ ಅಲ್ಲ, ಇಡೀ ಊರೇ ಪಾತ್ರೆ ಪಡಗ, ಕಾಳುಕಡ್ಡಿ, ಎಮ್ಮೆ ಕರುಗಳ ಸಮೇತ ಹೊರಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಲಿ ಸತ್ತ ಮೇಲೆ ಅದರ ಮೈಮೇಲಿದ್ದ ಚಿಗಟಗಳು ಮನುಷ್ಯರಿಗೆ ಹತ್ತಿ ರೋಗ ತರುತ್ತವೆಂದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಅಂದಿನ ಅವಿಭಜಿತ ಭಾರತದಲ್ಲಿ ದುಡಿದು 1898ರಲ್ಲಿ ತೋರಿಸಿಕೊಟ್ಟ. ಅವನ ಹೆಸರನ್ನೂ ಕೇಳದ ನಮ್ಮ ಹಳ್ಳಿಗರು ಕಣ್ಣಾರೆ ಕಂಡು ಮಾಡುತ್ತಿದ್ದ ಕೆಲಸ ಸರಿಯಾಗಿಯೇ ಇತ್ತು. ರೋಗ ಬಂದರೆ ಬಾಗಿಲು ತೆರೆದಿಟ್ಟು ಬಯಲಿಗೆ ಹೋಗುವುದು ಅಜ್ಜಿಗೆ ಗೊತ್ತಿದ್ದ ದಾರಿ. ನಾನು ಹೇಳುತ್ತಿರುವ ಸಿನಿಮಾಗಳು ಮೊದಲು ಕಸಿದುಕೊಳ್ಳುವುದೇ ಆ ದಾರಿಯನ್ನು. ಅವುಗಳಲ್ಲಿ ಹೊರಗಿರುವುದು ಗಾಳಿಯಿಲ್ಲದ ಶೂನ್ಯ, ಇಲ್ಲವೇ ಮೈ ಕೊರೆಯುವ ಹಿಮ, ಇಲ್ಲವೇ ಬಂದೂಕು ಹಿಡಿದ ಪೊಲೀಸರು.

ಬಂದೂಕಿನ ಮಾತು ಬಂದದ್ದು ಸ್ಪೇನಿನ ‘ರೆಕ್’ ಸಿನಿಮಾದಿಂದ. ಜೌಮೆ ಬಾಲಗೆರೊ ಮತ್ತು ಪಾಕೊ ಪ್ಲಾಸಾ 2007ರಲ್ಲಿ ತೆಗೆದ ಇದರಲ್ಲಿ, ಅಗ್ನಿಶಾಮಕ ದಳದವರ ಜೊತೆ ಬಾರ್ಸಿಲೋನಾದ ಒಂದು ವಸತಿ ಕಟ್ಟಡಕ್ಕೆ ಹೋದ ಟಿವಿ ವರದಿಗಾರ್ತಿ ಹೊರಬರುವಷ್ಟರಲ್ಲಿ ಅಧಿಕಾರಿಗಳು ಕಟ್ಟಡವನ್ನೇ ಮುಚ್ಚಿಬಿಟ್ಟಿರುತ್ತಾರೆ. ಏಕೆಂದು ಒಳಗಿದ್ದವರಿಗೆ ಯಾರೂ ಹೇಳುವುದಿಲ್ಲ. ಜ್ವರ ಬಂದ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಬರೀ ಗಂಟಲು ಬೇನೆ ಎಂದು ಎಲ್ಲರಿಗೂ ಹೇಳುತ್ತಿರುವ ತಾಯಿಯನ್ನು ಆ ಕ್ಯಾಮೆರಾ ಬಿಡದೆ ನೋಡುತ್ತದೆ. ಮುಚ್ಚಿದ್ದು ಒಳಗಿನವರ ಹಿತಕ್ಕಲ್ಲ, ಹೊರಗಿರುವ ನಮ್ಮ ಹಿತಕ್ಕೆ. ಹಾಗಿದ್ದೂ ಆ ಹೊತ್ತು ನಾವು ಇರುವುದು ಒಳಗಿನವರ ಜೊತೆಯಲ್ಲಿ. ಇದಕ್ಕಿಂತ ನೇರವಾಗಿ ಈ ವಿಷಯವನ್ನು ಹೇಳಿದ ಸಿನಿಮಾ ನನಗೆ ಗೊತ್ತಿಲ್ಲ.

ವೈಜ್ಞಾನಿಕ ಕಥೆಯಲ್ಲದಿದ್ದರೂ ನಮ್ಮ ಜಿಲ್ಲೆಯಲ್ಲೇ, ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರಿಸಲಾದ 1970ರ ‘ಸಂಸ್ಕಾರ’ವನ್ನು ನಾನು ಇದೇ ಸಾಲಿನಲ್ಲಿ ಇಡುತ್ತೇನೆ. ಅಲ್ಲಿ ಯಾರೂ ಬೀಗ ಹಾಕಿಲ್ಲ. ಅಗ್ರಹಾರದಲ್ಲಿ ಸತ್ತ ನಾರಣಪ್ಪನ ಹೆಣ ಎತ್ತದೆ ಊಟ ಮಾಡುವಂತಿಲ್ಲ, ಎತ್ತಬೇಕಾದವರು ಯಾರೆಂಬುದು ಇತ್ಯರ್ಥವಾಗುವುದಿಲ್ಲ. ಶಾಸ್ತ್ರವೇ ಅಗ್ರಹಾರವನ್ನು ಮುಚ್ಚುತ್ತದೆ, ಇಲಿಗಳು ಬೀಳುತ್ತಲೇ ಇರುತ್ತವೆ. ಕೊನೆಗೆ ಯಾರ ಅಪ್ಪಣೆಗೂ ಕಾಯದೆ, ಇರುಳಿನಲ್ಲಿ ಆ ಹೆಣಕ್ಕೆ ಬೆಂಕಿ ಕಾಣಿಸುವವಳು ಅವನ ಜೊತೆ ಬಾಳಿದ್ದ ಚಂದ್ರಿ. ಬಾಗಿಲು ಮುಚ್ಚುವ ನಿಯಮದಲ್ಲಿ ರಿಪ್ಲಿಯ ನಿಯಮದಂಥದ್ದೂ ಇದೆ, ಈ ಅಗ್ರಹಾರದ ನಿಯಮದಂಥದ್ದೂ ಇದೆ; ಎದುರಿಗೆ ಬಂದಾಗ ಎರಡೂ ಒಂದೇ ದನಿಯಲ್ಲಿ ಮಾತನಾಡುತ್ತವೆ ಎಂಬುದೇ ಕಷ್ಟ.

ಜಾನ್ ಕಾರ್ಪೆಂಟರ್‌ನ ‘ದಿ ಥಿಂಗ್’ (1982) ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಕಾರಣಕ್ಕೇ. ಅಂಟಾರ್ಕ್ಟಿಕದ ಶಿಬಿರದಲ್ಲಿರುವ 12 ಗಂಡಸರ ನಡುವೆ, ಯಾರ ರೂಪವನ್ನಾದರೂ ತಾಳಬಲ್ಲ ಜೀವಿಯೊಂದು ಸೇರಿಕೊಂಡಿದೆ. ಅದು ಜನವಸತಿಯನ್ನು ತಲುಪಿದರೆ 27,000 ಗಂಟೆಗಳಲ್ಲಿ ಇಡೀ ಜಗತ್ತಿಗೆ ಹರಡುತ್ತದೆಂದು ಲೆಕ್ಕ ಹಾಕಿದವನು, ಯಾರೂ ಹೊರಗೆ ಹೋಗದಂತೆ ಹೆಲಿಕಾಪ್ಟರನ್ನೂ ರೇಡಿಯೋವನ್ನೂ ಒಡೆದುಹಾಕುತ್ತಾನೆ. ಪ್ರತಿಯೊಬ್ಬರ ರಕ್ತವನ್ನೂ ತಟ್ಟೆಯಲ್ಲಿಟ್ಟು ಕಾದ ತಂತಿ ತಾಗಿಸಿ ಪರೀಕ್ಷಿಸುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ಅದಕ್ಕೆ ಸ್ವಲ್ಪ ಮೊದಲು ಮೇಲೆರಗಿ ಬಂದ ಕ್ಲಾರ್ಕ್ ಎಂಬವನನ್ನು ನಾಯಕ ಮ್ಯಾಕ್‌ರೆಡಿ ಗುಂಡಿಟ್ಟು ಕೊಂದಿರುತ್ತಾನೆ. ಸತ್ತವನ ರಕ್ತಕ್ಕೂ ತಂತಿ ತಾಗಿಸುತ್ತಾರೆ, ಏನೂ ಆಗುವುದಿಲ್ಲ. ಕ್ಲಾರ್ಕ್ ಮನುಷ್ಯನೇ ಆಗಿದ್ದ. ಸಿನಿಮಾ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಾನು ಮಾತ್ರ ಪ್ರತಿಸಲವೂ ಅಲ್ಲೇ ನಿಂತುಬಿಡುತ್ತೇನೆ.

ಇದಕ್ಕೆ ಕಾರಣ 2020ರದ್ದು. ಲಾಕ್‌ಡೌನ್ ಶುರುವಾಗುವ ಹಿಂದಿನ ದಿನ ತಮ್ಮ ಬೆಂಗಳೂರಿನಿಂದ ಬಂದ. ಅಪ್ಪನಿಗೆ ಸಕ್ಕರೆ ಕಾಯಿಲೆಯಿದ್ದುದರಿಂದ, ಅಂಗಳದಾಚೆ ಅಡಿಕೆ ಚೀಲಗಳನ್ನಿಡುವ ಕೋಣೆಯಲ್ಲಿ 14 ದಿನ ಅವನಿರಬೇಕೆಂದು ತೀರ್ಮಾನಿಸಿದವಳು ನಾನೇ. ಅಮ್ಮ ಮೆಟ್ಟಿಲ ಮೇಲೆ ಊಟದ ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಆರನೆಯ ರಾತ್ರಿ ಅವನಿಗೆ ಜ್ವರ ಏರಿತು. ‘ಅಕ್ಕಾ, ಮೈಯೆಲ್ಲ ನಡುಗ್ತಿದೆ, ಒಂಚೂರು ಒಳಗೆ ಬಾ’ ಎಂದು ಕರೆದ. ನಾನು ಹೋಗಲಿಲ್ಲ. ಮಾತ್ರೆಯನ್ನೂ ಬಿಸಿನೀರಿನ ಫ್ಲಾಸ್ಕನ್ನೂ ಮೆಟ್ಟಿಲ ಮೇಲಿಟ್ಟು, ಅಂಗಳದ ಕಲ್ಲಿನ ಮೇಲೆ ಕುಳಿತು, ಬೆಳಗಾಗುವವರೆಗೂ ಮುಚ್ಚಿದ ಬಾಗಿಲಿನೊಂದಿಗೆ ಮಾತನಾಡಿದೆ. ಪರೀಕ್ಷೆ ಮಾಡಿಸಿದಾಗ ಅದು ಕೊರೊನಾ ಆಗಿರಲಿಲ್ಲ. ನಾನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದರು, ನಾನೂ ಹಾಗೆಯೇ ನಂಬಿದ್ದೇನೆ. ಆದರೂ ಆ ಬಾಗಿಲಿನ ಎರಡೂ ಬದಿಯಲ್ಲಿ ಒಮ್ಮೆಗೇ ನಿಂತು ನೋಡಲು ನನಗೆ ಸಾಧ್ಯವಾಗುವುದು ಈ ಸಿನಿಮಾಗಳಲ್ಲಿ ಮಾತ್ರ. ಕೇಳಿದವರಿಗೆಲ್ಲ ನಾನು ಕೊಡಬೇಕಾಗಿದ್ದ ಉತ್ತರ ಇದು.

ಕಳೆದ ಮಳೆಗಾಲದಲ್ಲಿ ತಮ್ಮ ಬಂದಿದ್ದಾಗ ಇಬ್ಬರೂ ಕೂತು ‘ಏಲಿಯನ್’ ನೋಡಿದೆವು. ಆ ದೃಶ್ಯ ಬಂದಾಗ ನನ್ನ ಕೈ ತಾನಾಗಿ ಲ್ಯಾಪ್‌ಟಾಪಿನ ಕಡೆ ಹೋಯಿತು. ‘ಇರಲಿ ಬಿಡು, ನೋಡ್ತೀನಿ’ ಅಂದ. ರಿಪ್ಲಿ ಆಗುವುದಿಲ್ಲ ಎನ್ನುತ್ತಿದ್ದಳು. ತಮ್ಮ ಪರದೆಯಿಂದ ಕಣ್ಣು ತೆಗೆಯದೆ, ‘ಅವತ್ತು ರಾತ್ರಿಯೆಲ್ಲ ಆ ಕಲ್ಲಿನ ಮೇಲೆ ಕೂತಿದ್ದೆಯಲ್ಲ ಅಕ್ಕಾ, ನಿನಗೆ ಚಳಿ ಆಗ್ಲಿಲ್ವಾ?’ ಎಂದು ಕೇಳಿದ. ನಾನು ಏನಾದರೂ ಹೇಳುವ ಮೊದಲೇ ಆಶ್ ಬಾಗಿಲು ತೆರೆದಿದ್ದ.