ದೋಹಾದ ಆ ಗೋಲು ಮತ್ತು ಕ್ಯಾಮೆರಾ ಇಲ್ಲದ ಸುತ್ತು

2024ರ ಜೂನ್ 11ರಂದು ದೋಹಾದ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ ತಂಡವು 73ನೇ ನಿಮಿಷದವರೆಗೂ ಕತಾರ್ ವಿರುದ್ಧ ಮುಂದಿತ್ತು. ಲಾಲಿಯನ್‌ಜುವಾಲಾ ಛಾಂಗ್ಟೆ ಮೊದಲಾರ್ಧದಲ್ಲಿ ಗಳಿಸಿದ ಗೋಲನ್ನು ನಮ್ಮವರು ಅಲ್ಲಿಯತನಕ ಕಾಪಾಡಿಕೊಂಡು ಬಂದಿದ್ದರು. ಆಗ ಕತಾರ್‌ನ ಆಟಗಾರ ತಲೆಯಿಂದ ಹೊಡೆದ ಚೆಂಡನ್ನು ನಾಯಕ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಚೆಂಡು ಗೋಲ್‌ಪೋಸ್ಟಿನ ಪಕ್ಕದಿಂದ ಉರುಳಿ ಮೈದಾನದ ಅಂಚಿನ ಗೆರೆಯನ್ನು ದಾಟಿ ಹೊರಹೋಯಿತು. ಇನ್ನು ಕಾರ್ನರ್ ಎಂದುಕೊಂಡು ನಮ್ಮ ಆಟಗಾರರು ನಿಂತುಬಿಟ್ಟರು. ಅಷ್ಟರಲ್ಲಿ ಕತಾರ್‌ನ ಒಬ್ಬ ಆಟಗಾರ ಗೆರೆಯಾಚೆಯಿಂದ ಚೆಂಡನ್ನು ಕಾಲಿನಿಂದ ಒಳಗೆಳೆದುಕೊಟ್ಟ, ಯೂಸುಫ್ ಅಯ್ಮನ್ ಅದನ್ನು ಗೋಲಿಗೆ ತಳ್ಳಿದ, ರೆಫರಿ ಗೋಲು ಎಂದು ತೀರ್ಪಿತ್ತರು. ಭಾರತ 2–1ರಿಂದ ಸೋತು ಅರ್ಹತಾ ಸುತ್ತಿನಿಂದ ಹೊರಬಿತ್ತು. ಸುನಿಲ್ ಛೆಟ್ರಿ ಕೋಲ್ಕತ್ತದಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿ ಆಗಿನ್ನೂ ಐದು ದಿನ ಕಳೆದಿತ್ತಷ್ಟೆ.

ರೆಫರಿಯ ಕಣ್ಣು ತಪ್ಪಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವ ಸಂಗತಿ ಬೇರೊಂದಿದೆ. ಅದೇ ವರ್ಷದ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯನ್ ಕಪ್ ನಡೆದಾಗ ಈ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣವೂ ಅದರ ಒಂಬತ್ತು ತಾಣಗಳಲ್ಲಿ ಒಂದಾಗಿತ್ತು. ಆ ಟೂರ್ನಿಯ ಪ್ರತಿ ಪಂದ್ಯದಲ್ಲೂ ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್ ಇತ್ತು. ಆಟಗಾರರ ಮೈಯ ಚಲನೆಯನ್ನು ಅಳೆದು ಆಫ್‌ಸೈಡ್ ಹೇಳುವ ಅರೆ ಸ್ವಯಂಚಾಲಿತ ವ್ಯವಸ್ಥೆಯೂ ಇತ್ತು. ಐದು ತಿಂಗಳ ನಂತರ, ಅದೇ ಮೈದಾನದಲ್ಲಿ, ವಿಶ್ವಕಪ್‌ನ ದಾರಿಯನ್ನೇ ನಿರ್ಧರಿಸುವ ಪಂದ್ಯದಲ್ಲಿ, ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಮತ್ತೊಮ್ಮೆ ನೋಡುವ ಅವಕಾಶವೇ ರೆಫರಿಗೆ ಇರಲಿಲ್ಲ. ಅರ್ಹತಾ ಹಂತದ ಎರಡನೇ ಸುತ್ತಿಗೆ ವಿಎಆರ್ ಇಲ್ಲ, ಮೂರನೇ ಸುತ್ತಿನಿಂದ ಇದೆ ಎಂಬುದು ಏಷ್ಯನ್ ಫುಟ್‌ಬಾಲ್ ಒಕ್ಕೂಟದ ವ್ಯವಸ್ಥೆಯಾಗಿತ್ತು. ಹದಿನೆಂಟು ತಂಡಗಳ ಆ ಮೂರನೇ ಸುತ್ತಿಗೆ ಕಾಲಿಡಬೇಕೆಂದೇ ಭಾರತ ಅಂದು ಆಡುತ್ತಿತ್ತು.

ತಂತ್ರಜ್ಞಾನ ಆಟವನ್ನು ಕೆಡಿಸಿತೋ ಸುಧಾರಿಸಿತೋ ಎಂಬ ಚರ್ಚೆ ಯುರೋಪಿನಲ್ಲಿ ಮುಗಿಯುವಂತೆ ಕಾಣುವುದಿಲ್ಲ. ನಮ್ಮಂಥ ದೇಶಗಳ ಪಾಲಿಗೆ ಅದಕ್ಕೂ ಮುಂಚಿನ ಪ್ರಶ್ನೆಯೊಂದಿದೆ: ಅದು ಯಾವ ಪಂದ್ಯಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವವರು ಯಾರು, ಯಾರ ನಷ್ಟವನ್ನು ಕಂಡು ಅವರ ಮನಸ್ಸು ಬದಲಾಗುತ್ತದೆ?

ಇದಕ್ಕೆ ಉತ್ತರ ಬೇಕಿದ್ದರೆ, ಚೆಂಡು ಗೋಲಿನ ಗೆರೆ ದಾಟಿತೋ ಇಲ್ಲವೋ ಎಂದು ಯಂತ್ರವೇ ಹೇಳುವ ಗೋಲ್‌ಲೈನ್ ತಂತ್ರಜ್ಞಾನ ಬಂದ ಬಗೆಯನ್ನು ನೋಡಬೇಕು. ಫುಟ್‌ಬಾಲ್‌ನ ನಿಯಮಗಳನ್ನು ಬರೆಯುವುದು ಫಿಫಾ ಒಂದೇ ಅಲ್ಲ, 1886ರಲ್ಲಿ ಹುಟ್ಟಿದ ಐಎಫ್‌ಎಬಿ ಎಂಬ ಮಂಡಳಿ. ಅಲ್ಲಿ ಫಿಫಾಗೆ ನಾಲ್ಕು ಮತ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗೆ ತಲಾ ಒಂದು ಮತ. ನಿಯಮ ಬದಲಾಗಲು ಎಂಟರಲ್ಲಿ ಆರು ಮತ ಬೀಳಬೇಕು. ಈ ಮಂಡಳಿ 2010ರ ಮಾರ್ಚ್‌ನಲ್ಲಿ ಗೋಲ್‌ಲೈನ್ ತಂತ್ರಜ್ಞಾನವನ್ನು ಬೇಡವೆಂದು ತಳ್ಳಿಹಾಕಿತು. ಅದೇ ವರ್ಷದ ಜೂನ್ 27ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ, ವಿಶ್ವಕಪ್ ಪಂದ್ಯದಲ್ಲಿ, ಜರ್ಮನಿಯ ವಿರುದ್ಧ ಇಂಗ್ಲೆಂಡ್‌ನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯಿಂದ ಸಾಕಷ್ಟು ಒಳಗೆ ಬಿದ್ದು ಪುಟಿದು ಹೊರಬಂತು. ಜಗತ್ತೆಲ್ಲ ಕಂಡ ಆ ಗೋಲು ರೆಫರಿಗೆ ಮಾತ್ರ ಕಾಣಲಿಲ್ಲ. ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಇಂಗ್ಲೆಂಡಿನ ಕ್ಷಮೆ ಕೇಳಿದರು, ತಂತ್ರಜ್ಞಾನದ ವಿಷಯವನ್ನು ಮತ್ತೆ ತೆರೆಯುವುದಾಗಿ ಹೇಳಿದರು. ಯುರೋಪಿನ ಫುಟ್‌ಬಾಲ್ ಒಕ್ಕೂಟದ ಆಗಿನ ಮುಖ್ಯಸ್ಥ ಮಿಷೆಲ್ ಪ್ಲಾಟಿನಿ ಮಾತ್ರ ಯಂತ್ರ ಬೇಡ, ಗೋಲಿನ ಪಕ್ಕದಲ್ಲಿ ಇನ್ನೊಬ್ಬ ಅಧಿಕಾರಿ ನಿಂತರೆ ಸಾಕೆಂಬ ಹಟ ಬಿಡಲಿಲ್ಲ. 2012ರ ಯುರೋ ಟೂರ್ನಿಯಲ್ಲಿ ಡೊನೆಟ್ಸ್ಕ್‌ನಲ್ಲಿ ಉಕ್ರೇನ್ ಹೊಡೆದ ಚೆಂಡನ್ನು ಇಂಗ್ಲೆಂಡಿನ ಜಾನ್ ಟೆರ್ರಿ ಗೆರೆಯೊಳಗಿನಿಂದ ಹೊರಗೆ ಒದ್ದಾಗ, ಅಲ್ಲೇ ನಿಂತಿದ್ದ ಆ ಹೆಚ್ಚುವರಿ ಅಧಿಕಾರಿಗೂ ಅದು ಕಾಣಲಿಲ್ಲ. ಜುಲೈ 5ರಂದು ಮಂಡಳಿ ಒಪ್ಪಿಗೆ ಕೊಟ್ಟಿತು.

ಬ್ಲೂಮ್‌ಫಾಂಟೇನ್‌ನಲ್ಲಿ ನಷ್ಟ ಅನುಭವಿಸಿದ್ದು ಆ ಮಂಡಳಿಯಲ್ಲಿ ಮತವಿರುವ ಇಂಗ್ಲೆಂಡ್ ಎಂಬುದು ಇಲ್ಲಿ ಸಣ್ಣ ಸಂಗತಿಯಲ್ಲ. ದೋಹಾದ ಗೋಲಿನ ಬಗ್ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟು ತನಿಖೆ ಕೇಳಿತು. ಫಲಿತಾಂಶ ಬದಲಾಗಲಿಲ್ಲ, ಬದಲಾಗಲು ನಿಯಮದಲ್ಲಿ ದಾರಿಯೂ ಇರಲಿಲ್ಲ. ಯಾವ ಅಧ್ಯಕ್ಷರೂ ನಮ್ಮ ಕ್ಷಮೆ ಕೇಳಿದ ನೆನಪು ನನಗಿಲ್ಲ.

ತಂತ್ರಜ್ಞಾನ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಾನು ವಾದಿಸುತ್ತಿಲ್ಲ. ಗೆರೆ ದಾಟಿದ ಚೆಂಡು ಅಳತೆಯ ವಿಷಯ. ಅದಕ್ಕೆ ಯಂತ್ರ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರಕ್ಕೆ ಉತ್ತರ ಕಳಿಸುತ್ತದೆ. ಅದೂ ಒಮ್ಮೊಮ್ಮೆ ಸೋಲುತ್ತದೆ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ಕ್ಲಬ್‌ಗಳ ಪಂದ್ಯದಲ್ಲಿ ವಿಲ್ಲಾದ ಗೋಲ್‌ಕೀಪರ್ ಚೆಂಡಿನ ಸಮೇತ ಗೆರೆಯೊಳಗೆ ಹೋದಾಗ, ಏಳೂ ಕ್ಯಾಮೆರಾಗಳಿಗೆ ಆಟಗಾರರು ಮತ್ತು ಗೋಲ್‌ಪೋಸ್ಟ್ ಅಡ್ಡಬಂದು ಗಡಿಯಾರ ಸುಮ್ಮನಿತ್ತು. ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಆ ಋತುವಿನಲ್ಲಿ ವಿಲ್ಲಾ ಪ್ರೀಮಿಯರ್ ಲೀಗ್‌ನಲ್ಲಿ ಉಳಿದದ್ದು ಒಂದೇ ಅಂಕದ ಅಂತರದಿಂದ, ಕೆಳಗಿಳಿದದ್ದು ಬೋರ್ನ್‌ಮತ್.

ವಿಎಆರ್ ವಿಷಯ ಇನ್ನೂ ಜಟಿಲ. 2018ರಲ್ಲಿ ನಿಯಮಪುಸ್ತಕಕ್ಕೆ ಸೇರಿದಾಗ ಅದು ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್ ಮತ್ತು ಕಾರ್ಡ್ ತಪ್ಪು ಆಟಗಾರನಿಗೆ ಹೋದ ಸಂದರ್ಭ, ಈ ನಾಲ್ಕಕ್ಕೆ ಮಾತ್ರ ಕೈಹಾಕಬಹುದಿತ್ತು. ಚೆಂಡು ಕೈಗೆ ತಾಗಿದ್ದು ಅಪರಾಧವೋ ಅಲ್ಲವೋ ಎಂಬುದು ಎಷ್ಟು ಸಲ ನೋಡಿದರೂ ಮನುಷ್ಯನ ವಿವೇಚನೆಗೇ ಬಿಟ್ಟದ್ದು. 2023ರ ಸೆಪ್ಟೆಂಬರ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗಳಿಸಿದ ಸಕ್ರಮ ಗೋಲು ಬಿದ್ದುಹೋದದ್ದಂತೂ ಕ್ಯಾಮೆರಾದ ತಪ್ಪಿನಿಂದಲ್ಲ. ಮೈದಾನದಲ್ಲಿ ಆಫ್‌ಸೈಡ್ ಎಂದಿದ್ದರೂ ಗೋಲು ಎಂದಿದ್ದಾರೆಂದು ವಿಡಿಯೊ ಕೊಠಡಿಯವರು ಭಾವಿಸಿ ಪರಿಶೀಲನೆ ಮುಗಿಯಿತೆಂದರು. ತಪ್ಪು ತಿಳಿಯುವ ಹೊತ್ತಿಗೆ ಆಟ ಮತ್ತೆ ಶುರುವಾಗಿ, ನಿಯಮದ ಪ್ರಕಾರ ಹಿಂದಕ್ಕೆ ಬರುವಂತಿರಲಿಲ್ಲ. ಆದರೆ ಅಲ್ಲಿ ಆದ ಒಂದು ಒಳ್ಳೆಯ ಕೆಲಸವನ್ನು ಮೆಚ್ಚಲೇಬೇಕು: ಕೊಠಡಿಯೊಳಗಿನ ಸಂಭಾಷಣೆಯನ್ನು ರೆಫರಿಗಳ ಸಂಸ್ಥೆಯೇ ಸಾರ್ವಜನಿಕರ ಮುಂದಿಟ್ಟಿತು.

ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ನಡೆದದ್ದನ್ನೂ ಇಲ್ಲಿ ಹೇಳಬೇಕು. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಫೆಡರೇಷನ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಭಾರತಕ್ಕೆ ವಿಎಆರ್ ಬೇಕೆಂಬ ಕೂಗು ಆಗ ಜೋರಾಯಿತು. ಆದರೆ ಫ್ರೀಕಿಕ್ ಅನ್ನು ಬೇಗ ತೆಗೆದುಕೊಳ್ಳಲು ಬಿಡಬೇಕೋ ಬೇಡವೋ ಎಂಬುದು ವಿಎಆರ್‌ನ ವ್ಯಾಪ್ತಿಗೆ ಬರುವುದೇ ಇಲ್ಲ. ಅಂದು ಬೇಕಿದ್ದದ್ದು ತೀರ್ಪಿನ ಕಾರಣವನ್ನು ಅಲ್ಲೇ, ಆಗಲೇ ಎಲ್ಲರಿಗೂ ಕೇಳುವಂತೆ ಹೇಳುವ ಪದ್ಧತಿ. 2023ರ ಮಹಿಳಾ ವಿಶ್ವಕಪ್‌ನಲ್ಲಿ ವಿಡಿಯೊ ನೋಡಿದ ರೆಫರಿಗಳು ಮೈಕಿನಲ್ಲಿ ತಮ್ಮ ತೀರ್ಮಾನವನ್ನು ಇಡೀ ಕ್ರೀಡಾಂಗಣಕ್ಕೆ ತಿಳಿಸಿದ್ದರು.

ಪೂರ್ಣ ಪ್ರಮಾಣದ ವಿಎಆರ್ ದುಬಾರಿ. ಅದಕ್ಕೆ ಹಲವು ಕ್ಯಾಮೆರಾ, ಪ್ರತ್ಯೇಕ ಕೊಠಡಿ, ತರಬೇತಾದ ಅಧಿಕಾರಿಗಳು ಬೇಕು. ಹಾಗಾಗಿ 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಫಿಫಾ ಪ್ರಯೋಗಿಸಿದ ಫುಟ್‌ಬಾಲ್ ವಿಡಿಯೊ ಸಪೋರ್ಟ್ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಅದರಲ್ಲಿ ಪ್ರತಿ ಕೋಚ್‌ಗೆ ಎರಡು ಮನವಿಗಳ ಅವಕಾಶ. ಮನವಿ ಬಂದಾಗ ರೆಫರಿ ತಾನೇ ಅಂಚಿನ ಪರದೆಗೆ ಹೋಗಿ, ಇರುವ ಕೆಲವೇ ಕ್ಯಾಮೆರಾಗಳ ದೃಶ್ಯ ನೋಡಿ ನಿರ್ಧರಿಸುತ್ತಾರೆ. ಕ್ರಿಕೆಟ್‌ನ ಡಿಆರ್‌ಎಸ್‌ಗೆ ಒಗ್ಗಿದ ನಮ್ಮ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ದೋಹಾದಲ್ಲಿ ಇಷ್ಟೇ ಇದ್ದಿದ್ದರೂ ಸಾಕಿತ್ತು, ಏಕೆಂದರೆ ಗೆರೆಯಾಚೆಯ ಆ ಚೆಂಡನ್ನು ಮನೆಯಲ್ಲಿ ಟಿವಿ ನೋಡುತ್ತಿದ್ದ ನಾವು ಮರುಪ್ರಸಾರದಲ್ಲಿ ಕಂಡಿದ್ದೆವು. ಏಷ್ಯಾದ ಅರ್ಹತಾ ಪಂದ್ಯಗಳ ಆರಂಭಿಕ ಸುತ್ತುಗಳಿಗೆ, ಆಮೇಲೆ ಐಎಸ್‌ಎಲ್‌ಗೆ ಇದನ್ನು ತರಬೇಕೆಂದು ನಮ್ಮ ಫೆಡರೇಷನ್ ಏಷ್ಯನ್ ಒಕ್ಕೂಟದ ಮುಂದೆ ಲಿಖಿತವಾಗಿ ಕೇಳಬೇಕು, ಬಂದ ಉತ್ತರವನ್ನು ನಮಗೂ ತೋರಿಸಬೇಕು.