ದೃಷ್ಟಿ ತೆಗೆದ ರಾತ್ರಿ

ಮೊನ್ನೆ ಸಂಜೆಯಿಂದ ಮಗಳು ಒಂದೇ ಸಮನೆ ಅಳುತ್ತಿದ್ದಳು. ವೈದ್ಯರು ಕಿವಿನೋವೆಂದು ಔಷಧ ಕೊಟ್ಟಿದ್ದರು. ಆದರೂ ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. "ಘಾಟೇ ಬರಲಿಲ್ಲ, ಎಂಥ ದೃಷ್ಟಿ ನೋಡು!" ಎಂದಳು. ಅಳು ಕೇಳಿ ಪಕ್ಕದ ಮನೆಯ ಮುಸ್ಲಿಂ ಅಜ್ಜಿಯೂ ಬಂದರು. ಮಗುವಿನ ನೆತ್ತಿಯ ಮೇಲೆ ಕೈಯಿಟ್ಟು, ಓದಿ, ಮೆಲ್ಲಗೆ ಊದಿದರು.

ಅವರು ಓದಿದ್ದು ಕುರ್‌ಆನಿನ ಕೊನೆಯ ಎರಡು ಅಧ್ಯಾಯಗಳು, 113 ಮತ್ತು 114. ಮೊದಲನೆಯದು ಕವಿಯುವ ಕತ್ತಲೆಯಿಂದ, ಹೊಟ್ಟೆಕಿಚ್ಚಿನವರ ಕೇಡಿನಿಂದ ಆಶ್ರಯ ಬೇಡುತ್ತದೆ. ಎರಡನೆಯದು ಎದೆಯೊಳಗೇ ಪಿಸುಗುಡುವ ಕೇಡಿನಿಂದ. ಕ್ರೈಸ್ತ ಗೆಳತಿಯ ಮನೆಯಲ್ಲಿ ಮಲಗುವ ಮುನ್ನ ಬೈಬಲಿನ 91ನೆಯ ಕೀರ್ತನೆ ಓದುತ್ತಾರೆ. ಅಲ್ಲಿಯೂ ಇರುಳಿನ ಭಯದ ಮಾತಿದೆ.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಬೌದ್ಧರ ಕಥೆ. ಕಾಡಿನಲ್ಲಿ ಧ್ಯಾನಕ್ಕೆ ಕುಳಿತ ಭಿಕ್ಷುಗಳನ್ನು ಮರದ ದೇವತೆಗಳು ಹೆದರಿಸಿ ಓಡಿಸಿದವಂತೆ. ಬುದ್ಧ ಅವರಿಗೆ ಆಯುಧ ಕೊಡಲಿಲ್ಲ. ಮೈತ್ರಿ ಸುತ್ತವೆಂಬ ಉಪದೇಶವನ್ನು ಕಲಿಸಿ ಅದೇ ಕಾಡಿಗೆ ಮರಳಿ ಕಳುಹಿಸಿದ. ಹೆದರಿಸಿದವರಿಗೂ ಒಳಿತು ಬಯಸುವುದೇ ರಕ್ಷೆ! ನಮ್ಮ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವನ್ನು ಎಷ್ಟೋ ಸಲ ನೋಡಿದ್ದೇನೆ. ಈ ಕಥೆ ಮಾತ್ರ ಇತ್ತೀಚಿನವರೆಗೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ದೆವ್ವ ಬಿಡಿಸುತ್ತೇವೆಂದು ಕಾಯಿಲೆಯವರನ್ನು ಹೊಡೆಯುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ನೆತ್ತಿಯ ಮೇಲಿನ ಆ ಉಸಿರು ಬೇರೆ. ಅದನ್ನು ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಹತ್ತೂವರೆಗೆ ಮಗಳು ನಿದ್ದೆ ಹೋದಳು. ಅವ್ವ ಚಹಾ ಮಾಡಿದಳು. ಇಬ್ಬರು ಅಜ್ಜಿಯರೂ ಕಟ್ಟೆಯ ಮೇಲೆ ಬಹಳ ಹೊತ್ತು ಮಾತನಾಡುತ್ತ ಕುಳಿತಿದ್ದರು.