ಸದಸ್ಯರ ಸಂಖ್ಯೆ: ಒಂದು

ನಮ್ಮ ಚರ್ಚಿನ ಸಭೆಯಲ್ಲಿ ವರ್ಷಕ್ಕೊಮ್ಮೆ ಕುಟುಂಬಗಳ ಪಟ್ಟಿ ತಿದ್ದುತ್ತಾರೆ. ಯಜಮಾನರ ಹೆಸರು, ಹೆಂಡತಿ, ಮಕ್ಕಳು, ದೀಕ್ಷಾಸ್ನಾನ ಆದ ವರ್ಷ, ತಿಂಗಳ ವಂತಿಗೆ, ಹೀಗೆ ಸಾಲುಸಾಲು. ಅವ್ವ ತೀರಿಕೊಂಡ ಮೇಲೆ ಕೈಗೆ ಬಂದ ಹಾಳೆಯಲ್ಲಿ ‘ಯಜಮಾನರು’ ಅನ್ನೋ ಕಡೆ ನನ್ನ ಹೆಸರಿತ್ತು. ‘ಸದಸ್ಯರ ಸಂಖ್ಯೆ’ ಅನ್ನೋ ಕಡೆ 1. ನಡುವಿನ ಖಾನೆಗಳಿಗೆಲ್ಲ ಯಾರೋ ಸ್ಕೇಲ್ ಇಟ್ಟು ನೀಟಾಗಿ ಅಡ್ಡಗೆರೆ ಎಳೆದಿದ್ದರು. ನಾನೂ ರೈಲ್ವೆ ಆಫೀಸಿನಲ್ಲಿ ಫೈಲು ಬರೆಯುವವಳೇ. ಖಾನೆ ಖಾಲಿ ಬಿಟ್ಟರೆ ಆಮೇಲೆ ಯಾರಾದರೂ ಏನಾದರೂ ತುಂಬುತ್ತಾರೆ, ಅದಕ್ಕೇ ಗೆರೆ ಎಳೆಯಬೇಕು ಅನ್ನೋ ನಿಯಮ ನನಗೂ ಗೊತ್ತು. ನನ್ನ ಬದುಕಿನಲ್ಲಿ ಇನ್ನು ಯಾರೂ ಏನೂ ತುಂಬೋ ಹಾಗಿಲ್ಲ ಅಂತ ಯಾರೋ ಸಹಿ ಹಾಕಿದ ಹಾಗೆ ಕಂಡಿತು, ಅಷ್ಟೇ.

ನನಗೆ 56. ಹುಬ್ಬಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆ. ತಮ್ಮ ಪುಣೆಯಲ್ಲಿದ್ದಾನೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಮದುವೆ ಯಾಕಾಗಲಿಲ್ಲ ಅನ್ನೋದು ಬೇರೆ ಕಥೆ, ಅಷ್ಟೇನೂ ಸ್ವಾರಸ್ಯದ್ದಲ್ಲ. ಅವ್ವ ಇರೋ ತನಕ ಒಂಟಿತನ ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ. ಆಕೆ ಹೋದ ಮೇಲೆ ಗೊತ್ತಾಗಿದ್ದು ಏನಪ್ಪಾ ಅಂದರೆ, ಮನುಷ್ಯರಿಗೆ ಕಷ್ಟ ಹೇಳಿಕೊಳ್ಳೋಕೆ ಜನ ಸಿಗುತ್ತಾರೆ. ಸಿಲಿಂಡರ್ ಬಂತು, ನಲ್ಲಿ ನೀರು ಇವತ್ತು ಕೆಂಪಗಿತ್ತು, ಆಫೀಸಿನ ಲಿಫ್ಟ್ ಮತ್ತೆ ಕೆಟ್ಟಿದೆ ಅನ್ನೋದನ್ನ ಹೇಳೋಕೆ ಜನ ಸಿಗೋದಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲಕ್ಕಿಂತ ಕಷ್ಟ. ಬೆಳಿಗ್ಗೆ ಆರಾಧನೆಯಲ್ಲಿ ನೂರಾರು ಜನರ ಜೊತೆ ಹಾಡಿ, ಗೇಟಿನ ಹತ್ತಿರ ಎಲ್ಲರ ಕೈ ಕುಲುಕಿ ಬರ್ತೀವಿ. ಆಮೇಲೆ ಎಲ್ಲರೂ ಅವರವರ ಮನೆಯ ಮಟನ್ ಸಾರಿಗೆ ಓಡ್ತಾರೆ. ಒಂದು ಗಂಟೆಗೆ ನಾನು ಬೀಗ ತೆಗೆದು ಒಳಗೆ ಬಂದರೆ, ಬೆಳಿಗ್ಗೆ ಅವಸರದಲ್ಲಿ ಬಿಟ್ಟುಹೋದ ಕಾಫಿ ಲೋಟ ಅಲ್ಲೇ ಇರುತ್ತೆ.

ಇದನ್ನ ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಒಮ್ಮೆ ಬಾಯಿಬಿಟ್ಟೆ. ತಕ್ಷಣ ಹಿರಿಯರೊಬ್ಬರು, “ಯೇಸುಸ್ವಾಮಿ ಅದಾನಲ್ಲವಾ ನಿನ್ನ ಜೋಡಿ, ಒಬ್ಬಾಕಿ ಹೆಂಗಾಗ್ತಿ?” ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಆ ಮಾತು ಕೇಳಿದವರಿಗೆ ಮುಂದೆ ಮಾತಾಡೋಕೆ ಏನೂ ಉಳಿಯೋದಿಲ್ಲ. ಒಂಟಿ ಅನಿಸುತ್ತಿದೆ ಅಂದರೆ ವಿಶ್ವಾಸ ಕಡಿಮೆ ಆಗಿದೆ ಅಂತ ಒಪ್ಪಿಕೊಂಡ ಹಾಗೆ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡ ತೆಗೆದು ನೋಡಿ. ಏದೆನ್ ತೋಟದಲ್ಲಿ ಪಾಪ ಇನ್ನೂ ಬಂದಿರಲಿಲ್ಲ, ಸಾವೂ ಇರಲಿಲ್ಲ. ಆದಾಮನಿಗೆ ದೇವರು ಎದುರಿಗೇ ಇದ್ದ. ಅಂಥ ಜಾಗದಲ್ಲಿ ನಿಂತು ಸ್ವತಃ ದೇವರೇ, ಮನುಷ್ಯ ಒಬ್ಬನೇ ಇರೋದು ಒಳ್ಳೆಯದಲ್ಲ ಅಂದ. ‘ನಾನಿದ್ದೀನಲ್ಲ, ಸಾಕು’ ಅನ್ನಲಿಲ್ಲ. ಈ ವಚನವನ್ನ ನಾವು ಮದುವೆಗೆ ಮಾತ್ರ ಓದ್ತೀವಿ. ವರನ ಕಡೆಯವರಿಗೆ ಅದೇ ಬೇಕು. ನನಗೆ ಮಾತ್ರ ಅದು ದೇವರೇ ನನ್ನ ಪರ ಮಾತಾಡಿದ ಹಾಗೆ ಕೇಳುತ್ತೆ.

ಹಾಗಾದರೆ ವಿಶ್ವಾಸದಿಂದ ಏನೂ ಆಗಲಿಲ್ಲವಾ ಅಂದರೆ, ಆಯಿತು. ಆ ಹಿರಿಯರು ಹೇಳಿದ ದಾರಿಯಲ್ಲಿ ಅಲ್ಲ.

ಮೊದಲು ಆಗಿದ್ದು ಊಟದ ವಿಷಯ. ಅವ್ವ ಹೋದ ಮೇಲೆ ನನ್ನ ರಾತ್ರಿ ಊಟ ಅಂದರೆ ಕಟ್ಟೆಯ ಹತ್ತಿರ ನಿಂತುಕೊಂಡು, ಕುಕ್ಕರಿನಿಂದಲೇ ಅನ್ನ, ಮೇಲೊಂದು ಚಮಚ ಉಪ್ಪಿನಕಾಯಿ. ಆ ದಿನಗಳಲ್ಲಿ ಓದುವ ಪಾಠ ಬೈಬಲಿನ ಒಂದನೇ ಅರಸುಗಳ 19ನೇ ಅಧ್ಯಾಯಕ್ಕೆ ಬಂತು. ಚಿಕ್ಕಂದಿನಿಂದ ಕೇಳಿದ ಕಥೆ. ಎಲೀಯ ಪ್ರವಾದಿ ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ ಹೋಗಿ, ಒಂದು ಗಿಡದ ಬುಡದಲ್ಲಿ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂತ ಮಲಗಿಬಿಡುತ್ತಾನೆ. ದೇವದೂತ ಬರುತ್ತಾನೆ. ಬುದ್ಧಿ ಹೇಳುತ್ತಾನಾ? ವಚನ ಓದುತ್ತಾನಾ? ಇಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅನ್ನುತ್ತಾನೆ. ನೋಡಿದರೆ ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು ಮತ್ತೆ ಉಣ್ಣಿಸುತ್ತಾನೆ. ಆಮೇಲೆಯೇ ಪ್ರಯಾಣ, ಹೋರೇಬ್ ಬೆಟ್ಟ, ದೇವರ ಮೆಲ್ಲನೆಯ ದನಿ ಎಲ್ಲ.

ಆ ಬೆಟ್ಟದ ಮೇಲೆ ಎಲೀಯ, ನಾನೊಬ್ಬನೇ ಉಳಿದಿದ್ದೇನೆ ಅಂತ ಒಂದೇ ದೂರನ್ನ ಎರಡು ಸಲ ಹೇಳುತ್ತಾನೆ. ದೇವರು ಅದನ್ನ ಪೂರ್ತಿ ಕೇಳಿಸಿಕೊಂಡು ಅವನ ಕೈಗೆ ಕೆಲಸ ಕೊಡುತ್ತಾನೆ, ಎಲೀಷ ಅನ್ನೋ ಒಬ್ಬ ಜೊತೆಗಾರನ ವಿಳಾಸ ಕೊಡುತ್ತಾನೆ, ಕೊನೆಗೆ, ಬಾಳ ಅನ್ನೋ ಅನ್ಯದೇವರಿಗೆ ಮಂಡಿಯೂರದ 7,000 ಜನ ಇದ್ದಾರೆ ನೋಡು ಅನ್ನುತ್ತಾನೆ. ಈ ಮಾತನ್ನ ಗಿಡದ ಕೆಳಗೇ ಹೇಳಿದ್ದರೆ ಎಲೀಯ ಮಗ್ಗುಲು ಬದಲಿಸಿ ಮಲಗುತ್ತಿದ್ದ ಅನ್ನೋದು ನನ್ನ ಅನುಮಾನ. ಮೊದಲು ರೊಟ್ಟಿ, ನಿದ್ದೆ. ಲೆಕ್ಕಾಚಾರ ಆಮೇಲೆ.

ನಮ್ಮ ಕಡೆಯವರಿಗೆ ರೊಟ್ಟಿ ಅಂದರೆ ಬೇರೆ ಹೇಳಬೇಕಾಗಿಲ್ಲ. ಒಬ್ಬಳಿಗೋಸ್ಕರ ಜೋಳದ ರೊಟ್ಟಿ ಬಡಿಯೋದು ದುಂದು ಅಂತ ಬಿಟ್ಟಿದ್ದೆ. ಮತ್ತೆ ಶುರು ಮಾಡಿದೆ. ಒಂದು ಹಿಡಿ ಹಿಟ್ಟಿಗೆ ಕುದಿಯೋ ಎಸರು ಹಾಕಿ, ಕೈ ಸುಡೋವಾಗಲೇ ನಾದಿ, ಹಲಗೆ ಮೇಲೆ ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರೋದು. ಎರಡೇ ರೊಟ್ಟಿ. ಬಡಿಯೋ ಸಪ್ಪಳ ಗೋಡೆಯಾಚೆ ಕೇಳುತ್ತೆ. ಮೊದಲ ದಿನ ಪಕ್ಕದ ಮನೆಯ ಶಾಂತಕ್ಕ ಕಿಟಕಿಯಿಂದ, “ಇವತ್ತ ಯಾರ ಬಂದಾರ್ರೀ ಅಕ್ಕಾರ?” ಅಂದಳು. ಯಾರೂ ಇಲ್ಲ, ನನಗೇ ಅಂದೆ. ಒಂದು ಬಟ್ಟಲು ಎಣಗಾಯಿ ಗೋಡೆ ದಾಟಿ ಬಂತು. ಈಗ ಕೂತು ಉಣ್ಣುತ್ತೇನೆ, ಉಣ್ಣೋಕೆ ಮುಂಚೆ ಅವ್ವ ಹೇಳುತ್ತಿದ್ದ ಊಟದ ಪ್ರಾರ್ಥನೆಯನ್ನ ಜೋರಾಗಿ ಹೇಳುತ್ತೇನೆ. ಇಡೀ ಸಂಜೆಯಲ್ಲಿ ನನ್ನ ಬಾಯಿಂದ ಬರೋ ಮೊದಲ ಮಾತು ಎಷ್ಟೋ ಸಲ ಅದೇ.

ರಾತ್ರಿಗೆ ಬೈಬಲಿನ ಕೀರ್ತನೆಗಳು. 23ನೆಯದು ಎಲ್ಲರಿಗೂ ಬಾಯಿಪಾಠ. ನಾನು ಹಿಡಿದುಕೊಂಡಿದ್ದು 88. ಕೀರ್ತನೆಗಳಲ್ಲಿ ಗೋಳಾಟ ಬೇಕಾದಷ್ಟಿದೆ, ಆದರೆ ಸಾಮಾನ್ಯವಾಗಿ ಕೊನೆಗೆ ಎಲ್ಲೋ ಒಂದು ತಿರುವು ತಗೊಂಡು ಸ್ತೋತ್ರಕ್ಕೆ ಬಂದು ನಿಲ್ಲುತ್ತವೆ. 88 ನಿಲ್ಲೋದಿಲ್ಲ. ನನ್ನ ಪ್ರಿಯರನ್ನೂ ಸ್ನೇಹಿತರನ್ನೂ ದೂರ ಮಾಡಿದಿ ಅಂತ ದೇವರನ್ನೇ ನೇರವಾಗಿ ಆಪಾದಿಸಿ, ಕತ್ತಲೆಯಲ್ಲೇ ಮುಗಿದುಹೋಗುತ್ತೆ. ಅದನ್ನ ಸಂಗ್ರಹಿಸಿದವರು ಯಾರೋ, ಕೊನೆಗೊಂದು ಸಮಾಧಾನದ ಸಾಲು ಸೇರಿಸಬಹುದಿತ್ತು. ಸೇರಿಸಲಿಲ್ಲ. ಅದಕ್ಕೆ ನಾನು ಋಣಿ. ನಿದ್ದೆ ಬಾರದ ರಾತ್ರಿ ನನ್ನ ದನಿಯಲ್ಲೇ ಅದನ್ನ ಓದಿದಾಗ, ಇಷ್ಟು ಕಹಿಯನ್ನೂ ಪ್ರಾರ್ಥನೆ ಅಂತಲೇ ಒಪ್ಪಿಕೊಂಡಿದ್ದಾರಲ್ಲ ಅನ್ನೋದೇ ಸಾಕಾಗುತ್ತಿತ್ತು. ದೇವರು ಹತ್ತಿರ ಬಂದು ಕೂತ ಅನುಭವ ಏನೂ ಆಗಲಿಲ್ಲ. ಅಂಥ ಅನುಭವ ಆದವರು ಸಾಕ್ಷಿ ಹೇಳುತ್ತಾರೆ, ನಂಬುತ್ತೇನೆ, ನನಗೆ ಆಗಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಾರಗಟ್ಟಲೆ ನಿದ್ದೆಯೇ ಇಲ್ಲ, ಬೆಳಿಗ್ಗೆ ಏಳೋಕೇ ಆಗುತ್ತಿಲ್ಲ ಅಂದರೆ ಕೀರ್ತನೆ ಓದಿ, ಡಾಕ್ಟರ ಹತ್ತಿರವೂ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವಾಗ ಯಾರೂ ವಿಶ್ವಾಸದ ಪ್ರಶ್ನೆ ಎತ್ತೋದಿಲ್ಲ. ಇದಕ್ಕೆ ಮಾತ್ರ ಯಾಕೆ?

ಇನ್ನು ನಮ್ಮ ಮನೆತನದ ಕಥೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗೂ ಬಂದರು. ಕಿಟೆಲ್ ಅವರ ನಿಘಂಟು, ಹಂಚಿನ ಕಾರ್ಖಾನೆ, ಶಾಲೆ, ಇವೆಲ್ಲ ಎಲ್ಲರಿಗೂ ಗೊತ್ತಿರೋದೇ. ಅಷ್ಟಾಗಿ ಯಾರೂ ಮಾತಾಡದ ಒಂದು ಸಂಗತಿ ಅಂದರೆ, ಆ ಕಾಲದಲ್ಲಿ ದೀಕ್ಷಾಸ್ನಾನ ತಗೊಂಡವರಿಗೆ ಎಷ್ಟೋ ಸಲ ಅದೇ ದಿನ ಮನೆ ತಪ್ಪುತ್ತಿತ್ತು. ಬಾವಿ ಇಲ್ಲ, ಪಾಲು ಇಲ್ಲ, ಕಸುಬು ಇಲ್ಲ, ಹೆಣ್ಣು ಕೊಡೋರಿಲ್ಲ. ನಮ್ಮ ಮುತ್ತಜ್ಜನ ಅಪ್ಪನ ಹೆಸರಲ್ಲಿ ಅವನ ಅಣ್ಣತಮ್ಮಂದಿರು ತಲೆಮೇಲೆ ನೀರು ಹೊಯ್ದುಕೊಂಡು, ಸತ್ತ ಅಂತ ಮುಗಿಸಿಬಿಟ್ಟರಂತೆ. ಅಂಥವರಿಗೆ ಇರೋಕೆ ಜಾಗ, ದುಡಿಯೋಕೆ ಕೆಲಸ ಕೊಡಲೇಬೇಕಾಗಿ ಬಂದಿದ್ದೂ ಮಿಷನ್ ಕಂಪೌಂಡು, ನೇಯ್ಗೆ, ಹಂಚಿನ ಕೆಲಸಗಳು ಬೆಳೆಯೋದಕ್ಕೆ ಒಂದು ಕಾರಣ. ಹಾಗೆ ಕೊಟ್ಟು ಜನರನ್ನ ಮಿಷನ್ನಿನ ಹಂಗಿನಲ್ಲಿ ಇಟ್ಟರು ಅನ್ನೋ ಟೀಕೆಯೂ ಇದೆ, ಅದು ಸುಳ್ಳಲ್ಲ.

ಅವ್ವ ಹೇಳುತ್ತಿದ್ದಳು: ಕಂಪೌಂಡಿನಲ್ಲಿ ಒಬ್ಬರಿಗೂ ಸೋದರಮಾವ ಅನ್ನೋನು ಇರಲಿಲ್ಲ, ಅದಕ್ಕೇ ಎಲ್ಲರೂ ಎಲ್ಲರ ಮಕ್ಕಳಿಗೂ ಮಾವ ಆದರು. ಒಂದು ಮನೆಯಲ್ಲಿ ಸಾವಾದರೆ ಆ ಮನೆಯ ಒಲೆ ಹತ್ತುತ್ತಿರಲಿಲ್ಲ, ಉಳಿದ ಮನೆಗಳಿಂದ ಪಾಳಿ ಪ್ರಕಾರ ಬುತ್ತಿ ಬರುತ್ತಿತ್ತು. ರಕ್ತಸಂಬಂಧ ಕಳಕೊಂಡವರೇ ಸೇರಿ ಕಟ್ಟಿದ ಸಭೆ ಇದು. ನಾಲ್ಕೈದು ತಲೆಮಾರಿನಲ್ಲಿ ನಾವೇ ಈಗ ಯಜಮಾನ, ಹೆಂಡತಿ, ಮಕ್ಕಳು ಅಂತ ಖಾನೆ ಮಾಡಿ ಕೂತಿದ್ದೇವೆ.

ನಾನು ಈಗ ತಿಂಗಳಿಗೊಮ್ಮೆ ಅಯ್ಯನವರ, ಅಂದರೆ ನಮ್ಮ ಪಾದ್ರಿಗಳ ಜೊತೆ ಹೋಗುತ್ತೇನೆ. ದೇವಾಲಯಕ್ಕೆ ಬರೋಕೆ ಆಗದವರ ಮನೆಗೆ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚೋ ರೊಟ್ಟಿ, ದ್ರಾಕ್ಷಾರಸ ಒಯ್ಯೋ ಕೆಲಸ. ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಅಂಗೈ ಅಗಲದ ತಟ್ಟೆ, ಬೆರಳೆತ್ತರದ ಲೋಟಗಳು. ಪೆಟ್ಟಿಗೆ ಹಿಡಿಯೋದು, ಹಾಡು ಎತ್ತಿಕೊಡೋದು ನನ್ನ ಪಾಲು. ಅಂಥ ಒಂದು ಮನೆಯಲ್ಲಿ ಒಬ್ಬರು ಕಾಕಾ ಇದ್ದಾರೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದೆ. ಮಗ ಸೊಸೆ ಕೆಲಸಕ್ಕೆ ಹೋದರೆ ಬರೋದು ಸಂಜೆಗೆ. ಕಾಕಾಗೆ ನನ್ನ ಹಾಡಿಗಿಂತ ರೈಲಿನ ಸುದ್ದಿ ಮುಖ್ಯ. ಯಾವ ಗಾಡಿ ತಡ, ಎಲ್ಲಿ ಡಬಲ್ ಲೈನ್ ಆಯಿತು, ಹೊಸ ಇಂಜಿನ್ ಬಂತಾ. ಆಫೀಸಿನಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಈಗ ನಾನು ಅವರಿಗೋಸ್ಕರ ನೆನಪಿಟ್ಟುಕೊಂಡು ಹೋಗುತ್ತೇನೆ. ಆ ಲಿಫ್ಟ್ ಕೆಟ್ಟ ಸುದ್ದಿಗೂ ಕೊನೆಗೆ ಒಬ್ಬರು ಗಿರಾಕಿ ಸಿಕ್ಕರು.

ಯೋಹಾನನ ಸುವಾರ್ತೆಯ 5ನೇ ಅಧ್ಯಾಯದಲ್ಲಿ 38 ವರ್ಷದಿಂದ ಕಾಯಿಲೆ ಬಿದ್ದು, ಇಳಿದರೆ ಗುಣವಾಗುತ್ತೆ ಅಂತ ನಂಬಿದ್ದ ಒಂದು ಕೊಳದ ಹತ್ತಿರ ಮಲಗಿದ್ದವನ ಕಥೆ ಇದೆ. ಸ್ವಸ್ಥನಾಗೋಕೆ ಇಷ್ಟವಿದೆಯಾ ಅಂತ ಯೇಸು ಕೇಳಿದರೆ ಅವನು ಹೌದು ಅನ್ನೋದಿಲ್ಲ, ನನ್ನನ್ನ ಕೊಳಕ್ಕೆ ಇಳಿಸೋಕೆ ಯಾರೂ ಇಲ್ಲ ಅನ್ನುತ್ತಾನೆ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಕಾಕಾನ ಮನೆಗೆ ಹೋಗಿ ಬಂದ ಮೇಲೆ ಆ ಉತ್ತರ ನನಗೆ ಅರ್ಥವಾಯಿತು.

ಸೇವೆ ಮಾಡಿ, ಒಂಟಿತನ ಓಡಿಹೋಗುತ್ತೆ ಅಂತ ಮಾತ್ರ ನಾನು ಬರೆಯೋದಿಲ್ಲ. ಕೆಲವು ದಿನ ಅಂಥ ಮನೆಗಳಿಂದ ವಾಪಸ್ ಬಂದಾಗ ಇನ್ನೂ ಜಾಸ್ತಿ ಖಾಲಿ ಅನಿಸುತ್ತೆ, ಅವರ ಮನೆಯಲ್ಲಿ ಬೈಯೋಕಾದರೂ ಒಬ್ಬ ಸೊಸೆ ಇದ್ದಾಳಲ್ಲ ಅಂತ.

ಇತ್ತೀಚೆಗೆ ಧೈರ್ಯ ಮಾಡಿದ್ದು ಪೌಲನ ದೆಸೆಯಿಂದ. ಶಿಷ್ಯ ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಸೆರೆಯಲ್ಲಿ ಕೂತು, ದೇಮ ಬಿಟ್ಟು ಹೋದ, ಲೂಕ ಒಬ್ಬನೇ ಜೊತೆಗಿದ್ದಾನೆ, ಬೇಗ ಬಾ, ತ್ರೋವದಲ್ಲಿ ಕರ್ಪನ ಮನೇಲಿ ಬಿಟ್ಟ ಮೇಲಂಗಿ ತಾ, ಪುಸ್ತಕಗಳನ್ನ ತಾ, ಚಳಿಗಾಲಕ್ಕೆ ಮುಂಚೆ ಬಾ ಅನ್ನುತ್ತಾನೆ. ಅಷ್ಟು ದೊಡ್ಡ ಅಪೊಸ್ತಲ ‘ನನಗೆ ಕ್ರಿಸ್ತನಿದ್ದಾನೆ, ನೀವೇನೂ ತೊಂದರೆ ತಗೋಬೇಡಿ’ ಅನ್ನಲಿಲ್ಲ. ಬೇಕಾದ್ದನ್ನ ಬಾಯಿಬಿಟ್ಟು ಕೇಳಿದ. ನಾನೂ ಸಭಾ ಸಮಿತಿಗೆ ಅರ್ಜಿ ಬರೆದೆ: ತಿಂಗಳಿಗೊಂದು ಭಾನುವಾರ, ಮನೆಯಲ್ಲಿ ಒಬ್ಬರೇ ಉಣ್ಣುವವರಿಗೆ, ಆರಾಧನೆ ಮುಗಿದ ಮೇಲೆ ಚರ್ಚ್ ಹಾಲ್‌ನಲ್ಲೇ ಊಟ.

ಚರ್ಚೆ ದೊಡ್ಡದಾಯಿತು. ಖಜಾಂಚಿಯವರಿಗೆ ಪಾತ್ರೆ ಬಾಡಿಗೆ ಚಿಂತೆ. ಒಬ್ಬ ಹಿರಿಯರು ಹೇಳಿದ್ದು ಮಾತ್ರ ಸರಿಯಾಗಿತ್ತು: “ಒಬ್ಬೊಬ್ರ ಇರೋರಿಗೆ ಊಟ ಅಂತ ಬೋರ್ಡ್ ಹಾಕಿದ್ರ ಒಂದ ನರಪಿಳ್ಳೆ ಬರಂಗಿಲ್ಲ ನೋಡ್ರಿ.” ಹೌದಲ್ಲ, ನಾನೇ ಹೋಗುತ್ತಿರಲಿಲ್ಲ. ಹಾಗಾಗಿ ಬೋರ್ಡೂ ಇಲ್ಲ, ಹೆಸರೂ ಇಲ್ಲ, ಯಾರು ಬೇಕಾದರೂ ಕೂರಬಹುದು ಅಂತಾಯಿತು. ಖರ್ಚು ಕಡಿಮೆ ಇರಲಿ ಅಂತ ಅನ್ನ, ಸಾರು, ಬದನೇಕಾಯಿ ಪಲ್ಯ. ರೊಟ್ಟಿ ನಾನು, ಶಾಂತಕ್ಕ ಸೇರಿ ಬಡಿಯೋದು. ಶಾಂತಕ್ಕ ನಮ್ಮ ಸಭೆಯವಳಲ್ಲ, ಲಿಂಗ ಕಟ್ಟಿದವಳು, “ಹಿಟ್ಟಿಗೇನ ಜಾತಿ ಐತೇನ್ರಿ” ಅಂದು ಒಪ್ಪಿದ್ದಾಳೆ.

ಹಾಲ್‌ನ ಮೆಟ್ಟಿಲಿಗೆ ಗಾಲಿಕುರ್ಚಿ ಹತ್ತೋ ಹಾಗೆ ಹಲಗೆ ಮಾಡಿಸೋಕೆ ಬಡಗಿಗೆ ಹೇಳಿದ್ದೇನೆ. ಕಾಕಾಗೆ ಸುದ್ದಿ ಮುಟ್ಟಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದದ್ದು: “ಬದನೇಕಾಯಿ ತಿನ್ನಾಕ ನನ್ನ ಅಲ್ಲೀತನಕ ಹೊತ್ಕೊಂಡ ಹೋಗಬ್ಯಾಡ್ರಿ ತಂಗಿ. ಮಟನ್ ಇದ್ರ ಹೇಳ್ರಿ, ಬರ್ತೇನಿ.” ಖಜಾಂಚಿಯವರ ಹತ್ತಿರ ಮತ್ತೆ ಮಾತಾಡಬೇಕು.